ಎದೆ ಮೇಲಿನ ಎಕೋ ಆಗಿದೆ, ಈಗ ಟಿಇಇ ಬರೆದಿದ್ದಾರೆ: ಏನು ಮಾಡ್ತಾರೆ, ಹೇಗೆ ಸಿದ್ಧವಾಗಬೇಕು?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 58 ವರ್ಷ. ರುಮ್ಯಾಟಿಕ್ ತೊಂದರೆಯಿಂದ ಹೃದಯದ ಎಡಗಡೆಯ ಮೈಟ್ರಲ್ ವಾಲ್ವ್ ಕಿರಿದಾಗಿದೆ ಅಂತ ಗೊತ್ತಾಗಿದೆ. ಮೆಟ್ಟಿಲು ಹತ್ತಿದರೆ ಏದುಸಿರು, ನಾಡಿಯೂ ಏರುಪೇರು. ಅಸಿಟ್ರೋಮ್ (ರಕ್ತ ಹೆಪ್ಪುಗಟ್ಟದಿರೋಕೆ), ಮೆಟೊಪ್ರೊಲಾಲ್ (ನಾಡಿ ನಿಧಾನಕ್ಕೆ), ಲ್ಯಾಸಿಕ್ಸ್ (ಮೂತ್ರ ಹೋಗಿಸೋಕೆ) ನಡೆಯುತ್ತಿದೆ. ಶುಗರ್‌ಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್. ಬಲೂನ್ ಹಾಕಿ ವಾಲ್ವ್ ಅಗಲ ಮಾಡೋಣ, ಅದಕ್ಕೂ ಮುಂಚೆ ಬಾಯಿಂದ ಹಾಕುವ ಎಕೋ, ಅಂದರೆ ಟಿಇಇ ಆಗಬೇಕು ಅಂತ ಡಾಕ್ಟರು ಬರೆದಿದ್ದಾರೆ.

ಆಗಿರುವ ಎಕೋ ರಿಪೋರ್ಟಿನಲ್ಲಿ ಇರೋದು: ಎಂವಿಎ 0.9 ಚದರ ಸೆಂ.ಮೀ., ಮೀನ್ ಗ್ರೇಡಿಯಂಟ್ 12, ಎಲ್‌ಎ 52 ಎಂಎಂ, ವಿಲ್ಕಿನ್ಸ್ ಸ್ಕೋರ್ 7, ಮೈಲ್ಡ್ ಎಂಆರ್, ಮಾಡರೇಟ್ ಟಿಆರ್, ಆರ್‌ವಿಎಸ್‌ಪಿ 54, ಇಎಫ್ 60%, 'ನೋ ಕ್ಲಾಟ್'.

ಕ್ಲಾಟ್ ಇಲ್ಲ ಅಂತ ಬರೆದ ಮೇಲೂ ಟಿಇಇ ಯಾಕೆ? ಉಪವಾಸ ಎಷ್ಟು ಹೊತ್ತು, ಮಾತ್ರೆ ಯಾವುದು ನಿಲ್ಲಿಸಬೇಕು? ಇಎಫ್ 60 ಇದ್ದರೆ ಹಾರ್ಟ್ ಚೆನ್ನಾಗಿದೆ ಅಂತ ಪರಿಚಯದವರು ಹೇಳ್ತಾರೆ, ಹಾಗಾದರೆ ಉಸಿರಾಟದ ತೊಂದರೆ ಯಾಕೆ? ಅಮ್ಮನಿಗೆ ಮುಖ್ಯ ಭಯ ಪೈಪ್ ನುಂಗುವಾಗ ಉಸಿರು ಕಟ್ಟುತ್ತೇನೋ ಅಂತ. ಮೇಲಿನ ಹಲ್ಲುಸೆಟ್ಟು ಇದೆ, ಎಲೆಅಡಿಕೆ ಅಭ್ಯಾಸವೂ ಇದೆ.

ಎಕೋಕೊಠಡಿ:

ತುಂಗಾತೀರ ಅವರೇ, ಎರಡೂ ಅಲ್ಟ್ರಾಸೌಂಡೇ. ವಿಕಿರಣ ಎರಡರಲ್ಲೂ ಇಲ್ಲ. ಪ್ರೋಬ್, ಅಂದರೆ ಅಲೆ ಕಳಿಸಿ ಚಿತ್ರ ಹಿಡಿಯುವ ಉಪಕರಣ, ಎಲ್ಲಿ ನಿಂತು ನೋಡುತ್ತೆ ಅನ್ನೋದಷ್ಟೇ ಬೇರೆ.

ಎದೆ ಮೇಲಿಂದ ನೋಡುವಾಗ ಎಡ ಹೃತ್ಕರ್ಣ, ಅಂದರೆ ರಿಪೋರ್ಟಿನ ಎಲ್‌ಎ, ಎಲ್ಲಕ್ಕಿಂತ ಹಿಂದಿರುತ್ತೆ. ಅದರ ಮೂಲೆಯಲ್ಲಿ ಕಿವಿಯ ಆಕಾರದ ಪುಟ್ಟ ಚೀಲ ಒಂದಿದೆ, ಅಪೆಂಡೇಜ್ ಅಂತೀವಿ. ವಾಲ್ವ್ ಕಿರಿದಾಗಿ, ನಾಡಿಯೂ ಏರುಪೇರಾಗಿ ಎಲ್‌ಎ ಸರಿಯಾಗಿ ಹಿಂಡಿಕೊಳ್ಳದೇ ಇದ್ದಾಗ ರಕ್ತ ಆ ಚೀಲದಲ್ಲಿ ನಿಂತು ಹೆಪ್ಪುಗಟ್ಟುತ್ತೆ. ಎದೆ ಮೇಲಿಂದ ಆ ಚೀಲ ಪೂರ್ತಿ ಕಾಣೋದು ಅಪರೂಪ. ಹಾಗಾಗಿ 'ನೋ ಕ್ಲಾಟ್' ಅನ್ನೋದನ್ನು 'ಕಂಡ ಜಾಗದಲ್ಲಿ ಹೆಪ್ಪಿಲ್ಲ' ಅಂತ ಓದಿಕೊಳ್ಳಿ.

ಅನ್ನನಾಳ ಎಲ್‌ಎ ಬೆನ್ನಿಗೆ ತಾಗಿಕೊಂಡೇ ಇಳಿಯುತ್ತೆ. ಟಿಇಇ ಪ್ರೋಬ್ ಅಲ್ಲಿಗೆ ಹೋದಾಗ ಮಧ್ಯೆ ಪಕ್ಕೆಲುಬು, ಶ್ವಾಸಕೋಶ ಯಾವುದೂ ಅಡ್ಡ ಬರಲ್ಲ. ಎದೆ ಮೇಲಿನ ಪ್ರೋಬ್ ಸಾಮಾನ್ಯವಾಗಿ 2ರಿಂದ 4 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡಿದರೆ, ಇದು ಹತ್ತಿರವೇ ಇರೋದರಿಂದ 5ರಿಂದ 7ರಲ್ಲಿ ನೋಡಬಹುದು. ತರಂಗದ ಆವರ್ತನ (ಮೆಗಾಹರ್ಟ್ಸ್) ಹೆಚ್ಚಾದಷ್ಟೂ ಆಳಕ್ಕೆ ಹೋಗೋದು ಕಡಿಮೆ, ಆದರೆ ಚಿತ್ರ ಸೂಕ್ಷ್ಮ. ಬಲೂನ್ ಹಾಕುವಾಗ ತೊಡೆಯ ರಕ್ತನಾಳದಿಂದ ಹೋಗಿ, ಎರಡು ಹೃತ್ಕರ್ಣಗಳ ನಡುವಿನ ಗೋಡೆಯನ್ನು ಸೂಜಿಯಿಂದ ದಾಟಿ, ವೈರನ್ನು ಇದೇ ಎಲ್‌ಎ ಒಳಗೆ ಬಿಡ್ತಾರೆ. ಅಲ್ಲೊಂದು ಹೆಪ್ಪು ಇದ್ದು ಕಿತ್ತುಬಂದರೆ ನೇರ ಮೆದುಳಿಗೆ ಹೋಗಿ ಲಕ್ವ ಹೊಡೆಯಬಹುದು. ಟಿಇಇ ಇಲ್ಲದೆ ಬಲೂನ್‌ಗೆ ಕೈ ಹಾಕಲ್ಲ ಅಂತ ಡಾಕ್ಟರು ಹೇಳೋದು ಇದಕ್ಕೇ.

ಅದೇ ದಿನ ಎದೆ ಮೇಲಿನ ಎಕೋವನ್ನೂ ಇನ್ನೊಮ್ಮೆ ಮಾಡೋ ಸಾಧ್ಯತೆ ಇದೆ, ಅದರ ಬಗ್ಗೆಯೂ ಹೇಳ್ತೀನಿ. ಅದಕ್ಕೆ ಉಪವಾಸ ಬೇಡ. ಎದೆಗೆ ಎಣ್ಣೆ, ಪೌಡರು, ನೋವಿನ ಮುಲಾಮು ಹಚ್ಚಿಕೊಂಡು ಬರಬೇಡಿ, ಇಸಿಜಿ ಸ್ಟಿಕ್ಕರ್ ಕೂರಲ್ಲ. ಮುಂದೆ ಹುಕ್ ಇರುವ ರವಿಕೆ ಹಾಕಿಸಿ. ತಾಳಿ ಬಿಚ್ಚಬೇಕಾಗಿಲ್ಲ, ಸರವನ್ನು ಬೆನ್ನ ಕಡೆಗೆ ಸರಿಸಿಕೊಂಡರೆ ಸಾಕು. ಮಾಡುವವರು ಗಂಡಸಾಗಿದ್ದರೆ ಹೆಂಗಸೊಬ್ಬರು ಕೋಣೆಯಲ್ಲಿ ಇರಬೇಕು ಅಂತ ಕೇಳಿ. ಹಿಂಜರಿಯಬೇಡಿ, ಅದು ನಿಮ್ಮ ಹಕ್ಕು.

ಎಡ ಮಗ್ಗುಲಿಗೆ ಮಲಗಿಸಿ ಎಡಗೈ ತಲೆಯಡಿ ಇಡಿಸ್ತಾರೆ. ಹಾಗೆ ಮಲಗಿದಾಗ ಹೃದಯ ಎದೆಗೋಡೆಗೆ ಒರಗುತ್ತೆ, ಮಧ್ಯದ ಶ್ವಾಸಕೋಶ ಪಕ್ಕಕ್ಕೆ ಸರಿಯುತ್ತೆ. ಅಲ್ಟ್ರಾಸೌಂಡ್‌ಗೆ ಗಾಳಿಯೇ ಶತ್ರು, ಜೆಲ್ ಹಚ್ಚೋದೂ ಅದಕ್ಕೆ. ತಣ್ಣಗಿರುತ್ತೆ, ಒರೆಸಿದರೆ ಹೋಗುತ್ತೆ. 'ಉಸಿರು ಪೂರ್ತಿ ಬಿಟ್ಟು ತಡೀರಿ' ಅಂದಾಗ ನಿಜವಾಗಿಯೂ ಪೂರ್ತಿ ಬಿಡಬೇಕು. ಬಹಳ ಜನ ಗಾಬರಿಯಲ್ಲಿ ಉಸಿರು ಎಳೆದುಕೊಂಡು ತಡೀತಾರೆ, ಪರದೆ ಬೆಳ್ಳಗಾಗಿಬಿಡುತ್ತೆ. ಹೊಟ್ಟೆಯ ಮೇಲ್ಭಾಗದಿಂದ ನೋಡುವಾಗ ಮಾತ್ರ ಇದಕ್ಕೆ ತದ್ವಿರುದ್ಧ: ಅಂಗಾತ ಮಲಗಿ, ಮೊಣಕಾಲು ಮಡಚಿ, ಉಸಿರು ಎಳೆದು ತಡೀಬೇಕು. ಎಡ ಎದೆಯ ಕೆಳಗೆ ಪಕ್ಕೆಲುಬಿನ ಸಂದಿಯಲ್ಲಿ ಒತ್ತುವಾಗ ಸ್ವಲ್ಪ ನೋವಾಗುತ್ತೆ. ಜಾಸ್ತಿ ಆದರೆ ಹೇಳಿ, ಕೋನ ಬದಲಿಸ್ತಾರೆ. ಮಧ್ಯೆ ಮೆಷಿನ್ನಿಂದ 'ವ್ಹೂಶ್ ವ್ಹೂಶ್' ಅಂತ ಸದ್ದು ಬರುತ್ತೆ. ಅದು ಡಾಪ್ಲರ್. ರಕ್ತದ ವೇಗವನ್ನೇ ಯಂತ್ರ ಸದ್ದಾಗಿ ಕೇಳಿಸೋದು, ಏನೋ ಕೆಟ್ಟಿದೆ ಅಂತ ಅಲ್ಲ.

ಅಮ್ಮನವರಂಥ ಏರುಪೇರು ನಾಡಿಗೆ ಸಮಯ ಹೆಚ್ಚು ಬೇಕು. ಒಂದೊಂದು ಬಡಿತಕ್ಕೂ ಗ್ರೇಡಿಯಂಟ್, ಅಂದರೆ ವಾಲ್ವ್‌ನ ಎರಡು ಬದಿಯ ಒತ್ತಡದ ವ್ಯತ್ಯಾಸ, ಬೇರೆ ಬರೋದರಿಂದ ಕನಿಷ್ಠ ಐದು ಬಡಿತ ಅಳೆದು ಸರಾಸರಿ ತೆಗೀಬೇಕು. ಇಷ್ಟು ಹೊತ್ತು ಮಾಡ್ತಿದ್ದಾರಲ್ಲ ಅಂತ ಗಾಬರಿಯಾಗಬೇಡಿ.

ಮಲ್ಲಿಗೆಮೊಗ್ಗು:

ಪರದೆ ಮೇಲೆ ಕೆಂಪು, ನೀಲಿ ಬಣ್ಣ ಬರುತ್ತಲ್ಲ, ಕೆಂಪು ಶುದ್ಧ ರಕ್ತ, ನೀಲಿ ಅಶುದ್ಧ ರಕ್ತ ಅಲ್ವಾ? ಎರಡೂ ಬೆರೆತು ಕಂಡರೆ ಹೃದಯದಲ್ಲಿ ತೂತಿದೆ ಅಂತಾರೆ.

ಎಕೋಕೊಠಡಿ:

ಇಲ್ಲ ಮಲ್ಲಿಗೆಮೊಗ್ಗು ಅವರೇ. ಪ್ರೋಬ್ ಕಡೆಗೆ ಬರುವ ಹರಿವು ಕೆಂಪು, ಪ್ರೋಬ್‌ನಿಂದ ದೂರ ಹೋಗುವುದು ನೀಲಿ, ಅಷ್ಟೇ. ಮೈಟ್ರಲ್ ವಾಲ್ವ್ ದಾಟಿ ಇಳಿಯುವ ಅದೇ ರಕ್ತ ಎದೆ ಮೇಲಿಂದ, ಹೃದಯದ ತುದಿಯ ಕಡೆಯಿಂದ ನೋಡಿದರೆ ಕೆಂಪು. ಟಿಇಇಯಲ್ಲಿ ಪ್ರೋಬ್ ಹಿಂದಿರುವುದರಿಂದ ನೀಲಿ. ಕಿರಿದಾದ ಜಾಗದಲ್ಲಿ ವೇಗ ಮಿತಿ ಮೀರಿದಾಗ ಹಳದಿ, ಹಸಿರು ಎಲ್ಲ ಕಲಸಿಕೊಂಡು ಬರುತ್ತೆ. ತುಂಗಾತೀರ ಅವರ ತಾಯಿಯ ವಾಲ್ವ್ ಬಾಯಲ್ಲೂ ಹಾಗೇ ಕಾಣುತ್ತೆ. ಅದು ತೂತಿನ ಗುರುತಲ್ಲ.

ಸಿಸ್ಟರ್‌_ಕ್ಯಾಥ್‌ಲ್ಯಾಬ್:

ಟಿಇಇ ದಿನದ ವಿಷಯ ನಾನು ಹೇಳ್ತೀನಿ.

ಘನ ಆಹಾರ ಬಿಟ್ಟು 6 ಗಂಟೆ ಆಗಿರಬೇಕು. ಬರೀ ನೀರು 2 ಗಂಟೆ ಮುಂಚಿನವರೆಗೆ ಪರವಾಗಿಲ್ಲ, ನಿಮ್ಮ ಆಸ್ಪತ್ರೆ ಇನ್ನೂ ಬಿಗಿಯಾಗಿ ಹೇಳಿದ್ದರೆ ಅದನ್ನೇ ಪಾಲಿಸಿ. ಹಾಲು ಹಾಕಿದ ಕಾಫಿ ಘನ ಆಹಾರದ ಲೆಕ್ಕ. 'ಒಂದು ಲೋಟ ಕಾಫಿ ಅಷ್ಟೇ ಸಿಸ್ಟರ್' ಅಂತ ಬಂದು ಮರಳಿ ಹೋಗುವವರು ತುಂಬ. ಗಂಟಲು ಮರಗಟ್ಟಿ, ಮಂಪರಿರುವಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದರೆ ಶ್ವಾಸಕೋಶಕ್ಕೆ ಇಳಿಯುತ್ತೆ, ಅದೇ ದೊಡ್ಡ ಅಪಾಯ. ಎಲೆಅಡಿಕೆಯೂ ಬೇಡ.

ಎಲೆಅಡಿಕೆ ಅಂದಿದ್ದು ಒಳ್ಳೇದಾಯ್ತು, ಅದು ಇನ್ನೊಂದು ಕಾರಣಕ್ಕೂ ಮುಖ್ಯ. ಬಹಳ ವರ್ಷ ಅಡಿಕೆ ಜಗಿದವರಿಗೆ ಕೆನ್ನೆಯ ಒಳಭಾಗ ಗಡುಸಾಗಿ ಬಾಯಿ ಪೂರ್ತಿ ತೆರೆಯಲಾಗಲ್ಲ. ಇವತ್ತೇ ನೋಡಿ: ಅಮ್ಮನವರು ಬಾಯಿ ತೆರೆದು ತಮ್ಮ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಹಲ್ಲುಗಳ ಮಧ್ಯೆ ತೂರಿಸಲಿ. ಹೋದರೆ ಸರಿ. ಎರಡೇ ಬೆರಳು ಹೋದರೆ ಮುಂಚೆಯೇ ಡಾಕ್ಟರಿಗೆ ಹೇಳಿ, ಹಲ್ಲುಗಳ ಮಧ್ಯೆ ಇಡುವ ಬೈಟ್ ಬ್ಲಾಕ್ ಕೂರೋದು ಕಷ್ಟ. ಅಲುಗಾಡುವ ಹಲ್ಲಿದ್ದರೂ ಹೇಳಿ. ಹಲ್ಲುಸೆಟ್ಟನ್ನು ತೆಗೆದಿಡೋಕೆ ಒಂದು ಡಬ್ಬಿ ತನ್ನಿ, ಕರವಸ್ತ್ರದಲ್ಲಿ ಸುತ್ತಿಟ್ಟರೆ ಕಸದ ಜೊತೆ ಹೋಗಿಬಿಡುತ್ತೆ.

ಮಾತ್ರೆ ವಿಷಯ. ಮೆಟೊಪ್ರೊಲಾಲ್ ಬೆಳಿಗ್ಗೆ ಒಂದು ಗುಟುಕು ನೀರಲ್ಲಿ ತಗೊಳ್ಳಲೇಬೇಕು, ನಾಡಿ ಓಡಿದರೆ ಈ ವಾಲ್ವ್‌ನವರಿಗೆ ಏದುಸಿರು ಹೆಚ್ಚುತ್ತೆ. ಖಾಲಿ ಹೊಟ್ಟೆಗೆ ಗ್ಲಿಮೆಪಿರೈಡ್ ನುಂಗಿದರೆ ಸಕ್ಕರೆ ಕುಸಿಯುತ್ತೆ, ಆದ್ದರಿಂದ ಶುಗರ್ ಮಾತ್ರೆಯನ್ನು ಸಾಮಾನ್ಯವಾಗಿ ಊಟ ಮಾಡುವವರೆಗೆ ಮುಂದೂಡಿಸ್ತಾರೆ. ನಿಮ್ಮ ಡಾಕ್ಟರ ಹತ್ತಿರ ಬರೆಸಿಕೊಳ್ಳಿ, ಬೆಳಗಿನ ಮೊದಲ ಸರದಿ ಕೇಳಿ. ಅಸಿಟ್ರೋಮನ್ನು ಟಿಇಇಗೋಸ್ಕರ ನೀವಾಗಿ ನಿಲ್ಲಿಸಬೇಡಿ. ಹೆಪ್ಪು ಇದೆಯಾ ಅಂತ ನೋಡೋಕೆ ಹೊರಟು, ಹೆಪ್ಪು ತಡೆಯುವ ಮಾತ್ರೆಯನ್ನೇ ನಿಲ್ಲಿಸಿದಂತಾಗುತ್ತೆ. ಇತ್ತೀಚಿನ ಐಎನ್‌ಆರ್ (ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ನೋಡುವ ಪರೀಕ್ಷೆ) ರಿಪೋರ್ಟ್ ತನ್ನಿ, ತೀರಾ ಹೆಚ್ಚಿದ್ದರೆ ದಿನ ಮುಂದೆ ಹಾಕ್ತಾರೆ. ಬಲೂನ್ ದಿನದ ಅಸಿಟ್ರೋಮ್ ಲೆಕ್ಕವೇ ಬೇರೆ, ಎರಡನ್ನೂ ಕಲಸಬೇಡಿ. ಲ್ಯಾಸಿಕ್ಸ್ ತಗೊಂಡು ಬಂದರೆ ಮಧ್ಯದಲ್ಲಿ ಮೂತ್ರಕ್ಕೆ ಅವಸರ ಆಗುತ್ತೆ. ಆ ದಿನ ಯಾವಾಗ ತಗೊಳ್ಳಬೇಕು ಅಂತ ಕೇಳಿಕೊಳ್ಳಿ.

ಒಳಗೆ ನಡೆಯೋದು ಹೀಗೆ. ಕೈಗೆ ಕ್ಯಾನುಲಾ, ಬೆರಳಿಗೆ ಆಕ್ಸಿಜನ್ ಕ್ಲಿಪ್, ತೋಳಿಗೆ ಬಿಪಿ ಪಟ್ಟಿ. ಗಂಟಲಿಗೆ ಮರಗಟ್ಟಿಸುವ ಲಿಗ್ನೊಕೇನ್ ಸ್ಪ್ರೇ ಹೊಡೀತಾರೆ. ಕಹಿ ಇರುತ್ತೆ. ಒಂದೆರಡು ನಿಮಿಷದಲ್ಲಿ ಗಂಟಲು ಊದಿಕೊಂಡ ಹಾಗೆ, ಉಗುಳೂ ನುಂಗೋಕೆ ಆಗದ ಹಾಗೆ ಅನಿಸುತ್ತೆ. ಅನೇಕರು ಹೆದರೋದು ಈ ಘಳಿಗೆಯಲ್ಲೇ. ಅಮ್ಮನವರಿಗೆ ಮುಂಚೆಯೇ ಹೇಳಿಡಿ: ಅದು ಮರಗಟ್ಟಿದ್ದು, ಊದಿದ್ದಲ್ಲ. ಆಮೇಲೆ ಎಡ ಮಗ್ಗುಲು, ಗಲ್ಲ ಎದೆಗೆ ಬಾಗಿಸಿ, ಹಲ್ಲುಗಳ ಮಧ್ಯೆ ಪ್ಲಾಸ್ಟಿಕ್ ಬಳೆಯಂಥ ಬೈಟ್ ಬ್ಲಾಕ್. ಬೇಕಾದರೆ ಮಂಪರಿಗೆ ಮಿಡಾಜೊಲಾಮ್ ಸ್ವಲ್ಪ ಸ್ವಲ್ಪವೇ ಕೊಡ್ತಾರೆ. ಪೂರ್ತಿ ನಿದ್ದೆ ಬರಿಸಲ್ಲ, ಯಾಕೆಂದರೆ 'ನುಂಗಿ' ಅಂದಾಗ ನುಂಗಬೇಕು.

ಪ್ರೋಬ್ ಕಿರುಬೆರಳಿನಷ್ಟು ದಪ್ಪ, ಜೆಲ್ ಸವರಿರುತ್ತೆ. ನಾಲಿಗೆಯ ಬುಡಕ್ಕೆ ತಾಗಿದಾಗ ವಾಕರಿಕೆ ಬರುತ್ತೆ, ಅಲ್ಲೇ ಒಂದು ಸಲ ಗುಟುಕರಿಸಿದರೆ ತಾನೇ ಒಳಗೆ ಜಾರುತ್ತೆ. ಆ ಕ್ಷಣದಲ್ಲಿ ತಲೆ ಹಿಂದಕ್ಕೆ ಎಸೆದರೆ ಪ್ರೋಬ್ ಶ್ವಾಸನಾಳದ ಬಾಯಿಗೆ ತಿರುಗಿ ಕೆಮ್ಮು ಬರುತ್ತೆ, ತೆಗೆದು ಮತ್ತೆ ಹಾಕಬೇಕಾಗುತ್ತೆ. ಗಲ್ಲ ಕೆಳಗೇ ಇರಲಿ, ಇದೊಂದು ಮಾತು ಹತ್ತು ಸಲ ಹೇಳಿದರೂ ಕಡಿಮೆ. ಗಂಟಲು ದಾಟಿದ ಮೇಲೆ ಸಂಕಟ ಅರ್ಧ ಇಳಿಯುತ್ತೆ. ಪ್ರೋಬ್ ಹೋಗೋದು ಅನ್ನದ ದಾರಿಯಲ್ಲಿ, ಉಸಿರಿನ ದಾರಿ ತೆರೆದೇ ಇರುತ್ತೆ. ಮೂಗಿನಿಂದ ನಿಧಾನ ಉಸಿರಾಡಲಿ, ಜೊಲ್ಲು ನುಂಗೋದು ಬೇಡ, ಪಕ್ಕದ ಟವೆಲ್ ಮೇಲೆ ಹರಿಯಲಿ, ನಾವು ಸಕ್ಷನ್‌ನಲ್ಲಿ ಎಳೀತೀವಿ. ಹಲ್ಲಿನಿಂದ ಸುಮಾರು 30ರಿಂದ 35 ಸೆಂ.ಮೀ. ಆಳದಲ್ಲಿ ಎಲ್‌ಎ ಕಾಣುತ್ತೆ. ನೋಡಿ ಮುಗಿಸೋಕೆ 10ರಿಂದ 20 ನಿಮಿಷ. ತಡೆಯೋಕಾಗದಿದ್ದರೆ ಕೈ ಎತ್ತಲಿ, ಪ್ರೋಬ್ ಹಿಡಿದು ಎಳೆಯೋದು ಮಾತ್ರ ಬೇಡ.

ಮುಗಿದ ಮೇಲೆ ಒಂದರಿಂದ ಎರಡು ಗಂಟೆ ಏನೂ ಬಾಯಿಗೆ ಬೇಡ. ಮೊದಲು ಕೂತು ಒಂದು ಗುಟುಕು ನೀರು, ಕೆಮ್ಮು ಬರದಿದ್ದರೆ ಆಮೇಲೆ ತಣ್ಣಗಿನ ಗಂಜಿ, ಮೊಸರನ್ನ. ಬಿಸಿ ಕಾಫಿ ಕೊನೆಗೆ, ಮರಗಟ್ಟಿದ ಬಾಯಿಗೆ ಸುಟ್ಟಿದ್ದೂ ಗೊತ್ತಾಗಲ್ಲ. ಗಂಟಲು ನೋವು ಒಂದೆರಡು ದಿನ ಇರಬಹುದು. ಮಂಪರಿನ ಮದ್ದು ಕೊಟ್ಟಿದ್ದರೆ 24 ಗಂಟೆ ಗಾಡಿ ಓಡಿಸೋದು, ಕಾಗದಪತ್ರಕ್ಕೆ ಸಹಿ ಹಾಕೋದು ಬೇಡ. ಸ್ಕೂಟರ್ ಹಿಂದೆ ಕೂರಿಸಿಕೊಂಡು ಹೋಗೋದೂ ಬೇಡ, ಆಟೋ ಮಾಡಿಕೊಳ್ಳಿ. ಕುತ್ತಿಗೆ ಅಥವಾ ಎದೆಯಲ್ಲಿ ಹೆಚ್ಚುತ್ತಾ ಹೋಗುವ ನೋವು, ರಕ್ತವಾಂತಿ, ಜ್ವರ, ಕುತ್ತಿಗೆಯ ಚರ್ಮ ಒತ್ತಿದರೆ ಚರಚರ ಅನ್ನುವ ಊತ, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯದೆ ಎಮರ್ಜೆನ್ಸಿಗೆ ಬನ್ನಿ. ಅನ್ನನಾಳಕ್ಕೆ ಗಾಯ ಆಗೋದು ಅತಿ ವಿರಳ, ಆದರೆ ಆದಾಗ ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ಬೇಕು.

ಊಟ ನುಂಗುವಾಗ ಸಿಕ್ಕಿಕೊಳ್ಳುವುದು, ಹಿಂದೆ ರಕ್ತವಾಂತಿ, ಲಿವರ್ ಕಾಯಿಲೆ, ಗಂಟಲಿಗೋ ಎದೆಗೋ ರೇಡಿಯೇಷನ್ ಆಗಿದ್ದರೆ ಮೊದಲೇ ಹೇಳಲೇಬೇಕು. ಸ್ಪ್ರೇ ಅಥವಾ ಹಲ್ಲಿನ ಇಂಜೆಕ್ಷನ್‌ನಿಂದ ಅಲರ್ಜಿ ಆಗಿದ್ದರೂ ಹಾಗೇ.

ಕವಾಟ_ವೈದ್ಯ:

ಸಿಸ್ಟರ್ ಹೇಳಿದ್ದಕ್ಕೆ ಸೇರಿಸುವಂಥದ್ದು ಕಡಿಮೆ. ನಾನು ರಿಪೋರ್ಟಿನ ಬಗ್ಗೆ ಬರೀತೀನಿ.

ಮೊದಲು ಇಎಫ್. ಎಡ ಹೃತ್ಕುಕ್ಷಿ ತುಂಬಿದ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲನ್ನು ಒಂದು ಬಡಿತಕ್ಕೆ ಹೊರದಬ್ಬುತ್ತೆ ಅನ್ನೋದು ಅದು. 60 ಅಂದರೆ ಪಂಪ್ ಚೆನ್ನಾಗಿದೆ, ನಿಜ. ಆದರೆ ಅಮ್ಮನವರ ತೊಂದರೆ ಪಂಪ್‌ನದ್ದಲ್ಲ, ಪಂಪಿಗೆ ಬರುವ ಬಾಗಿಲಿನದ್ದು. ಮೈಟ್ರಲ್ ವಾಲ್ವ್ ಸಹಜವಾಗಿ 4ರಿಂದ 6 ಚದರ ಸೆಂ.ಮೀ. ತೆರೆಯುತ್ತೆ. 1.5 ಅಥವಾ ಅದಕ್ಕಿಂತ ಕಡಿಮೆ ಆದರೆ ತೀವ್ರ, 1ಕ್ಕೆ ಇಳಿದರೆ ಅತಿ ತೀವ್ರ. ಇವರದ್ದು, ಅಂದರೆ ರಿಪೋರ್ಟಿನ ಎಂವಿಎ, 0.9. ಆ ಸಂದಿಯಲ್ಲಿ ರಕ್ತ ದಾಟೋಕೆ ಎಲ್‌ಎ ಒಳಗೆ ಒತ್ತಡ ಏರಲೇಬೇಕು. 12 ಅನ್ನೋ ಮೀನ್ ಗ್ರೇಡಿಯಂಟ್ ಆ ಹೆಚ್ಚುವರಿ ಒತ್ತಡ. ಅದು ಹಿಂದಕ್ಕೆ ಶ್ವಾಸಕೋಶಕ್ಕೆ ಹೋಗುತ್ತೆ, ಏದುಸಿರು ಬರೋದು ಅಲ್ಲಿಂದ. ಮೆಟ್ಟಿಲು ಹತ್ತಿದಾಗ ನಾಡಿ ಓಡುತ್ತೆ, ಎರಡು ಬಡಿತದ ನಡುವೆ ರಕ್ತ ದಾಟೋಕೆ ಸಿಗುವ ಸಮಯ ಇನ್ನೂ ಕಡಿಮೆಯಾಗುತ್ತೆ. ನಾಡಿ ನಿಧಾನ ಮಾಡೋಕೆ ಮೆಟೊಪ್ರೊಲಾಲ್ ಕೊಟ್ಟಿರೋದು ಇದಕ್ಕೇ. 'ಇಎಫ್ ಚೆನ್ನಾಗಿದೆ, ಏನೂ ಇಲ್ಲ' ಅಂತ ಪರಿಚಯದವರು ಹೇಳುವ ಮಾತಿನಿಂದ ಇಂಥ ರೋಗಿಗಳು ಚಿಕಿತ್ಸೆ ಮುಂದೂಡ್ತಾರೆ, ಅದು ನನಗೆ ನಿಜಕ್ಕೂ ಬೇಸರದ ವಿಷಯ.

ಆರ್‌ವಿಎಸ್‌ಪಿ 54 ಅನ್ನೋದು ಲೆಕ್ಕ ಹಾಕಿ ಬಂದದ್ದು. ಬಲಗಡೆ ವಾಲ್ವ್‌ನ ಸೋರಿಕೆ, ಅಂದರೆ ಟಿಆರ್, ಎಷ್ಟು ವೇಗದಲ್ಲಿ ಚಿಮ್ಮುತ್ತೆ ಅಂತ ಅಳೆದು, ಆ ವೇಗದ ವರ್ಗವನ್ನು 4ರಿಂದ ಗುಣಿಸಿ, ಬಲ ಹೃತ್ಕರ್ಣದ ಒತ್ತಡ ಕೂಡಿಸ್ತಾರೆ. ವೇಗ ಸೆಕೆಂಡಿಗೆ 3.3 ಮೀಟರ್ ಇದ್ದರೆ ಸುಮಾರು 44, ಅದಕ್ಕೆ 10 ಸೇರಿಸಿದರೆ 54. ಹಾಗಾಗಿ ಮುಂದಿನ ಎಕೋದಲ್ಲಿ 50 ಅಥವಾ 58 ಬಂದರೆ ಕಾಯಿಲೆ ಇಳಿಯಿತು, ಏರಿತು ಅಂತ ತೀರ್ಮಾನಿಸಬೇಡಿ. ಇಎಫ್‌ ಕೂಡ ಅಳೆಯುವವರು ಬದಲಾದರೆ 5 ಅಂಕ ಅತ್ತಿತ್ತ ಆಗುತ್ತೆ.

ವಿಲ್ಕಿನ್ಸ್ ಸ್ಕೋರ್ ಬಲೂನ್‌ಗೆ ವಾಲ್ವ್ ಎಷ್ಟು ಒಗ್ಗುತ್ತೆ ಅಂತ ಹೇಳೋದು. ಎಲೆಗಳ ಚಲನೆ, ದಪ್ಪ, ಸುಣ್ಣ ಕಟ್ಟಿರುವುದು, ಕೆಳಗಿನ ದಾರಗಳ ಸ್ಥಿತಿ, ಈ ನಾಲ್ಕಕ್ಕೂ 1ರಿಂದ 4 ಅಂಕ. ಒಟ್ಟು 8ರೊಳಗಿದ್ದರೆ ಬಲೂನ್ ಚೆನ್ನಾಗಿ ಕೆಲಸ ಮಾಡುವ ಸಂಭವ ಹೆಚ್ಚು. 7 ಒಳ್ಳೆಯ ಅಂಕ. ಎಂಆರ್, ಅಂದರೆ ಮೈಟ್ರಲ್ ವಾಲ್ವ್‌ನ ಸೋರಿಕೆ, ಮೈಲ್ಡ್ ಇರೋದೂ ಅನುಕೂಲ, ಸೋರಿಕೆ ಮೊದಲೇ ಜಾಸ್ತಿ ಇದ್ದರೆ ಬಲೂನ್ ಅದನ್ನು ಇನ್ನೂ ಹೆಚ್ಚಿಸಬಹುದು. ಟಿಇಇಯಲ್ಲಿ ಎಂಆರ್ ನಿಜಕ್ಕೂ ಎಷ್ಟಿದೆ ಅಂತ ಮತ್ತೊಮ್ಮೆ ನೋಡ್ತಾರೆ.

ಟಿಇಇ ರಿಪೋರ್ಟಿನಲ್ಲಿ 'ಸ್ಪಾಂಟೇನಿಯಸ್ ಎಕೋ ಕಾಂಟ್ರಾಸ್ಟ್' ಅಂತ ಬರಬಹುದು. ರಕ್ತ ಬಹಳ ನಿಧಾನವಾಗಿ ಸುತ್ತುವಾಗ ಪರದೆ ಮೇಲೆ ಊದುಬತ್ತಿ ಹೊಗೆ ಸುಳಿದ ಹಾಗೆ ಕಾಣುತ್ತೆ. ಅದು ಹೆಪ್ಪಲ್ಲ, ಹೆಪ್ಪುಗಟ್ಟುವ ವಾತಾವರಣ ಇದೆ ಅನ್ನೋ ಸೂಚನೆ. ಅದೊಂದಕ್ಕೇ ಬಲೂನ್ ನಿಲ್ಲಿಸಲ್ಲ. ಅಪೆಂಡೇಜ್‌ನ ವೇಗವನ್ನೂ ಬರೀತಾರೆ, ಸೆಕೆಂಡಿಗೆ 20 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಹೆಪ್ಪಿನ ಅಪಾಯ ಹೆಚ್ಚು. ಹೆಪ್ಪೇ ಕಂಡರೆ ಸಾಮಾನ್ಯವಾಗಿ ಬಲೂನ್ ಮುಂದಕ್ಕೆ ಹೋಗುತ್ತೆ. ಐಎನ್‌ಆರ್ 2ರಿಂದ 3ರ ನಡುವೆ ಬಿಗಿಯಾಗಿ ಇಟ್ಟುಕೊಂಡು ಎರಡು ಮೂರು ತಿಂಗಳ ನಂತರ ಮತ್ತೆ ಟಿಇಇ. ಕರಗದಿದ್ದರೆ ಆಪರೇಷನ್ ಮಾತು ಬರುತ್ತೆ. ಅಲ್ಲಿಯವರೆಗೆ ಅಸಿಟ್ರೋಮ್ ಒಂದು ದಿನವೂ ತಪ್ಪಬಾರದು. ಸೊಪ್ಪು ತಿನ್ನೋದನ್ನು ಬಿಡಬೇಕಿಲ್ಲ, ವಾರ ವಾರ ಒಂದೇ ಪ್ರಮಾಣದಲ್ಲಿ ಇರಲಿ.

ಹುಬ್ಬಳ್ಳಿ_ಗಾಳಿ:

ನಡುವ ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಮ್ಮ ಅಪ್ಪಾರಿಗೆ 65. ಮೊಣಕಾಲ ನೋವು, ಟ್ರೆಡ್‌ಮಿಲ್ ಮ್ಯಾಲ ನಡ್ಯಾಕ ಆಗಂಗಿಲ್ಲ. ಇಂಜೆಕ್ಷನ್ ಕೊಟ್ಟು ಸ್ಟ್ರೆಸ್ ಎಕೋ ಮಾಡ್ತೀವಿ ಅಂದಾರ. ಸಾದಾ ಎಕೋ ನಾರ್ಮಲ್ ಬಂದೈತಿ. ಇದು ಬೇಕೇ ಬೇಕೇನ್ರಿ?

ಕವಾಟ_ವೈದ್ಯ:

ಹುಬ್ಬಳ್ಳಿ ಅವರೇ, ಸಾದಾ ಎಕೋ ರಕ್ತನಾಳದ ಬ್ಲಾಕ್ ತೋರಿಸಲ್ಲ. ವಿಶ್ರಾಂತಿಯಲ್ಲಿ ರಕ್ತ ಸಾಕಾಗುತ್ತಿದ್ದರೆ ಗೋಡೆಗಳೆಲ್ಲ ಚೆನ್ನಾಗೇ ಆಡುತ್ತವೆ. ಕೆಲಸ ಹೆಚ್ಚಿಸಿದಾಗ ಯಾವ ಗೋಡೆಗೆ ರಕ್ತ ಸಾಲದೋ ಅದು ಮಂಕಾಗುತ್ತೆ. ಅದನ್ನು ನೋಡೋದೇ ಈ ಪರೀಕ್ಷೆ.

ಡೊಬುಟಮಿನ್ ಅನ್ನೋ ಔಷಧಿಯನ್ನು ಪಂಪ್ ಮೂಲಕ ಕೊಡ್ತಾರೆ. ತೂಕದ ಕಿಲೋಗೆ ನಿಮಿಷಕ್ಕೆ 5 ಮೈಕ್ರೋಗ್ರಾಂನಿಂದ ಶುರು, 3 ನಿಮಿಷಕ್ಕೊಮ್ಮೆ 10, 20, 30, 40. ಪ್ರತಿ ಹಂತದಲ್ಲೂ ಚಿತ್ರ, ಬಿಪಿ, ಇಸಿಜಿ. 220ರಿಂದ ವಯಸ್ಸು ಕಳೆದು ಅದರ 85% ಗುರಿ, ತಂದೆಯವರಿಗೆ ಸುಮಾರು 132 ಬಡಿತ. ಅಷ್ಟಕ್ಕೆ ಏರದಿದ್ದರೆ ಅಟ್ರೋಪಿನ್ ಸ್ವಲ್ಪ ಸೇರಿಸ್ತಾರೆ. ಅದಕ್ಕೇ ಕಣ್ಣಿನ ಗ್ಲಾಕೋಮ, ಪ್ರಾಸ್ಟೇಟ್‌ನಿಂದ ಮೂತ್ರ ಕಟ್ಟುವ ತೊಂದರೆ ಇದ್ದರೆ ಮೊದಲೇ ಹೇಳಬೇಕು. ಎದೆ ಡವಡವ ಅನ್ನುತ್ತೆ, ಕೈ ನಡುಗಬಹುದು, ತಲೆ ಭಾರ ಆಗಬಹುದು. ಔಷಧಿಯ ಅರ್ಧಾಯುಷ್ಯ 2 ನಿಮಿಷದಷ್ಟು ಮಾತ್ರ, ಪಂಪ್ ನಿಲ್ಲಿಸಿದರೆ ಬೇಗ ಇಳಿಯುತ್ತೆ. ಎದೆನೋವು ಬಂದರೆ ತಡೆದುಕೊಂಡು ಕೂರಬಾರದು, ತಕ್ಷಣ ಹೇಳಬೇಕು. ಅದೂ ಪರೀಕ್ಷೆಯ ಫಲಿತಾಂಶವೇ.

ಮೂರ್ನಾಲ್ಕು ಗಂಟೆ ಹೊಟ್ಟೆ ಖಾಲಿ ಇರಲಿ. ಬೀಟಾ ಬ್ಲಾಕರ್, ಅಂದರೆ ಮೆಟೊಪ್ರೊಲಾಲ್, ಅಟೆನೊಲಾಲ್ ಥರದ್ದು ತಗೊಳ್ತಿದ್ದರೆ ಬಡಿತ ಸಾಕಷ್ಟು ಏರದೆ ಪರೀಕ್ಷೆ ಅಪೂರ್ಣ ಆಗಬಹುದು. ಬರೆದುಕೊಟ್ಟವರನ್ನು ಕೇಳಿ 24ರಿಂದ 48 ಗಂಟೆ ಮುಂಚೆ ನಿಲ್ಲಿಸಬೇಕಾ ಅಂತ ತಿಳಿದುಕೊಳ್ಳಿ. ನೀವಾಗಿ ನಿಲ್ಲಿಸಬೇಡಿ. ತುಂಗಾತೀರ ಅವರೇ, ಇದು ನಿಮ್ಮ ಅಮ್ಮನಿಗೆ ಹೇಳಿದ್ದಲ್ಲ, ಅವರ ಮೆಟೊಪ್ರೊಲಾಲ್ ಮುಂದುವರಿಯಲಿ.

ತುಂಗಾತೀರ:

ಎಲ್ಲರಿಗೂ ತುಂಬ ಧನ್ಯವಾದ. ಬೆರಳಿಟ್ಟು ನೋಡಿದೆವು, ಎರಡು ಬೆರಳು ಸಲೀಸಾಗಿ ಹೋಗುತ್ತೆ, ಮೂರನೆಯದು ಬಿಗಿ. ಹಲ್ಲುಸೆಟ್ಟು ಹಾಕಿಕೊಂಡಾಗ ನೋಡಿದ್ದು.

ಸಿಸ್ಟರ್‌_ಕ್ಯಾಥ್‌ಲ್ಯಾಬ್:

ಸೆಟ್ಟು ತೆಗೆದು ಇನ್ನೊಮ್ಮೆ ನೋಡಿ, ಮೇಲಿನ ವಸಡಿನಿಂದ ಕೆಳಗಿನ ಹಲ್ಲಿಗೆ. ಆಗ ಮೂರು ಬೆರಳು ಹೋಗುವ ಸಾಧ್ಯತೆ ಹೆಚ್ಚು, ನಾವು ಮಾಡುವಾಗಲೂ ಸೆಟ್ಟು ಇರಲ್ಲ. ಹೋದರೂ ಹೋಗದಿದ್ದರೂ ಅಪಾಯಿಂಟ್‌ಮೆಂಟ್ ಖಚಿತ ಮಾಡೋಕೆ ಫೋನ್ ಮಾಡಿದಾಗ 'ಅಡಿಕೆ ಅಭ್ಯಾಸ ಇದೆ, ಬಾಯಿ ತೆರೆಯೋದು ಸ್ವಲ್ಪ ಬಿಗಿ' ಅಂತ ಹೇಳಿಬಿಡಿ. ಡಾಕ್ಟರು ಮುಂಚೆಯೇ ಬಾಯಿ ನೋಡಿ, ಸಣ್ಣ ಬೈಟ್ ಬ್ಲಾಕ್ ಬೇಕಾ, ಅನಸ್ತೇಷಿಯಾದವರು ಜೊತೆಗಿರಬೇಕಾ ಅಂತ ತೀರ್ಮಾನಿಸ್ತಾರೆ. ಹಳೇ ಎಕೋ ರಿಪೋರ್ಟ್, ಐಎನ್‌ಆರ್ ಚೀಟಿ, ಮಾತ್ರೆಗಳ ಪಟ್ಟಿ, ಹಲ್ಲುಸೆಟ್ಟಿನ ಡಬ್ಬಿ, ಒಂದು ಹಳೇ ಟವೆಲ್, ಜೊತೆಗೆ ಒಬ್ಬರು. ಅಷ್ಟಿದ್ದರೆ ಸಾಕು.